ಗ್ರ್ಯಾನ್ ಟುರಿಸ್ಮೊ 7: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರ್ಯಾನ್ ಟುರಿಸ್ಮೊ 7, ಚಿಕ್ಕದಾಗಿ ಜಿಟಿ7, ಸೋನಿ ಪ್ಲೇಸ್ಟೇಷನ್‌ನ ಕಾರು ಓಟದ ಗೇಮ್. ಅದರ ಬಗ್ಗೆ ಬರುವ ಪ್ರಶ್ನೆಗಳು ಎರಡು ಬಗೆ. ಇನ್ನೂ ಕೊಳ್ಳದವರು "ಹೇಗಿದೆ?" ಅಂತಾರೆ. ಕೊಂಡು ಒಂದು ತಿಂಗಳು ಆಡಿದವರು "ಯಾಕೆ ಹೀಗಿದೆ?" ಅಂತಾರೆ. ಇಬ್ಬರಿಗೂ ಇಲ್ಲಿ ಉತ್ತರವಿದೆ, ಒಂದಿಷ್ಟು ನನ್ನ ತಕರಾರೂ ಸೇರಿ.

ಒಂದೇ ಮಾತಲ್ಲಿ ಹೇಳಿ: ಚೆನ್ನಾಗಿದೆಯೋ ಇಲ್ಲವೋ?

ಓಡಿಸುವ ಆಟವಾಗಿ ತುಂಬಾ ಚೆನ್ನಾಗಿದೆ. ಓಟದ ಆಟವಾಗಿ ಅಷ್ಟಕ್ಕಷ್ಟೆ.

ಪದಗಳ ಜೊತೆ ಆಟವಾಡಲು ಹೀಗೆ ಹೇಳುತ್ತಿಲ್ಲ. ಒಬ್ಬರೇ ಕೂತು, ಒಂದೇ ಕಾರನ್ನು ಒಂದೇ ಟ್ರ್ಯಾಕಿನಲ್ಲಿ ಸುತ್ತಿಸುತ್ತ, ನಿನ್ನೆಗಿಂತ ಅರ್ಧ ಸೆಕೆಂಡು ಬೇಗ ಬಂದೆ ಅಂತ ಖುಷಿಪಡುವವರಿಗೆ ಈ ಸರಣಿಯಲ್ಲಿ ಇದಕ್ಕಿಂತ ಒಳ್ಳೆಯದು ಬಂದಿಲ್ಲ. ಹತ್ತು ಹದಿನೈದು ಕಾರುಗಳ ನಡುವೆ ನುಗ್ಗಾಡಿ ಗೆಲ್ಲಬೇಕು ಅನ್ನುವವರಿಗೆ, ಅದೂ ಕಂಪ್ಯೂಟರ್ ಎದುರಾಳಿಗಳ ಜೊತೆ, ನಿರಾಸೆ ಆಗುತ್ತದೆ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಈ ಒಂದು ಮಾತಿಗೇ ಬಂದು ನಿಲ್ಲುತ್ತವೆ.

ಹಳೆಯ ಜಿಟಿ ಯಾವುದೂ ಆಡಿಲ್ಲ. ಈ ಹೆಸರಿಗೆ ಅಷ್ಟೊಂದು ತೂಕ ಯಾಕೆ?

ಮೊದಲ ಗ್ರ್ಯಾನ್ ಟುರಿಸ್ಮೊ ಜಪಾನಿನಲ್ಲಿ 1997ರ ಡಿಸೆಂಬರ್ 23ರಂದು ಬಂತು, ಮೊದಲ ಪ್ಲೇಸ್ಟೇಷನ್‌ಗೆ. ಮನೆಯಲ್ಲಿ ಆಡುವ ರೇಸಿಂಗ್ ಗೇಮ್ ಅಂದರೆ ಆಗ ಬಹುಪಾಲು ಆರ್ಕೇಡ್ ಯಂತ್ರದ ತಮ್ಮ ಇದ್ದಂತೆ: ನಾಲ್ಕಾರು ಬಣ್ಣದ ಕಾರು, ಮೂರು ನಿಮಿಷದ ಗದ್ದಲ. ಕಝುನೊರಿ ಯಮೌಚಿ ಮತ್ತು ಅವರ ಚಿಕ್ಕ ತಂಡ ಇದನ್ನು ತಲೆಕೆಳಗು ಮಾಡಿತು. ರಸ್ತೆಯಲ್ಲಿ ದಿನಾ ಕಾಣುವ ಸಾಧಾರಣ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬೇಕು, ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು, ಗೆದ್ದ ದುಡ್ಡಲ್ಲಿ ಎಂಜಿನ್ ಬಿಗಿ ಮಾಡಿಸಬೇಕು, ಮತ್ತೆ ಓಡಬೇಕು. ಆ ಕಾರು ನಿಧಾನಕ್ಕೆ ನಿಮ್ಮದಾಗುತ್ತಿತ್ತು. ಸರಣಿಯ ಜೀವ ಇರುವುದು ಇಲ್ಲಿ. ಗ್ರಾಫಿಕ್ಸ್ ಆಮೇಲಿನ ಮಾತು.

2017ರ ಜಿಟಿ ಸ್ಪೋರ್ಟ್ ಇದನ್ನೆಲ್ಲ ಬದಿಗಿಟ್ಟು ಆನ್‌ಲೈನ್ ಸ್ಪರ್ಧೆಯ ಕಡೆ ವಾಲಿತ್ತು. 2022ರ ಮಾರ್ಚ್ 4ರಂದು ಪ್ಲೇಸ್ಟೇಷನ್ 4 ಮತ್ತು 5 (ಪಿಎಸ್4, ಪಿಎಸ್5) ಎರಡಕ್ಕೂ ಬಂದ ಜಿಟಿ7, ಸರಣಿಯ 25ನೇ ವರ್ಷದಲ್ಲಿ, "ಹಳೆಯ ದಾರಿಗೆ ಮರಳಿದ್ದೇವೆ" ಅನ್ನುವ ಭರವಸೆ ಹೊತ್ತು ಬಂತು. ಸೆಕೆಂಡ್ ಹ್ಯಾಂಡ್ ಅಂಗಡಿ, ಟ್ಯೂನಿಂಗ್ ಶಾಪ್, ಟ್ರಯಲ್ ಮೌಂಟನ್, ಹೈ ಸ್ಪೀಡ್ ರಿಂಗ್, ಡೀಪ್ ಫಾರೆಸ್ಟ್ ಅನ್ನುವ ಹಳೆಯ ಟ್ರ್ಯಾಕುಗಳು, ಎಲ್ಲವೂ ವಾಪಸ್.

ಜಿಟಿ6ರಲ್ಲಿ 1,200 ಕಾರು ಇದ್ದವಂತೆ. ಇದರಲ್ಲಿ ಬಿಡುಗಡೆಗೆ 400 ಚಿಲ್ಲರೆ. ಹಿಂದೆ ಹೋದರಲ್ಲವೇ?

ಇಲ್ಲ. ಈ ಲೆಕ್ಕಕ್ಕೆ ಮರುಳಾಗಬೇಡಿ. ಜಿಟಿ5, ಜಿಟಿ6 ಎರಡರಲ್ಲೂ ಸಾವಿರ ದಾಟಿದ ಕಾರುಗಳಲ್ಲಿ ಬಹುಪಾಲು ಪಿಎಸ್2 ಕಾಲದ ಮಾಡೆಲ್‌ಗಳೇ. ಒಳಗೆ ಕೂತು ನೋಡಿದರೆ ಡ್ಯಾಶ್‌ಬೋರ್ಡ್ ಜಾಗದಲ್ಲಿ ಕಪ್ಪು ನೆರಳು. ಅದರ ಮೇಲೆ ಒಂದೇ ನಿಸ್ಸಾನ್ ಸ್ಕೈಲೈನ್ ಕಾರಿನ ಹತ್ತಾರು ಅವತಾರ. ಜಿಟಿ7ರ ಬಹುತೇಕ ಎಲ್ಲ ಕಾರಿಗೂ ಒಳಾಂಗಣವಿದೆ, ಹೊಲಿಗೆಯ ದಾರ ಎಣಿಸುವಷ್ಟು. ಅಪ್‌ಡೇಟ್‌ಗಳಿಂದ ಸಂಖ್ಯೆ ಈಗ 500 ದಾಟಿದೆ, ಅದಕ್ಕೆ ಬೇರೆ ದುಡ್ಡು ಕೇಳಿರಲಿಲ್ಲ.

ತಕರಾರು ಇರಬೇಕಾದದ್ದು ಸಂಖ್ಯೆಯ ಬಗ್ಗೆ ಅಲ್ಲ, ಆಯ್ಕೆಯ ಬಗ್ಗೆ. ಕಂಪನಿಗಳು ಕಲ್ಪನೆಯಲ್ಲಿ ಬರೆದ ವಿಷನ್ ಜಿಟಿ ಕಾರುಗಳಿಗೆ ಕೊಟ್ಟ ಜಾಗದಲ್ಲಿ ಅರ್ಧದಷ್ಟನ್ನು ಜನ ನಿಜವಾಗಿ ಓಡಿಸುವ ಕಾರುಗಳಿಗೆ ಕೊಡಬಹುದಿತ್ತು.

ಓಡಿಸುವುದು ಅಷ್ಟು ಚೆನ್ನಾಗಿದೆ ಅಂತೀರಿ. ಏನು ಅಂಥ ವಿಶೇಷ?

ಮಳೆಯಿಂದ ಶುರು ಮಾಡೋಣ. ಬಹಳಷ್ಟು ಗೇಮ್‌ಗಳಲ್ಲಿ ಮಳೆ ಅಂದರೆ ಒಂದು ಸ್ವಿಚ್ ಇದ್ದ ಹಾಗೆ: ಒತ್ತಿದರೆ ರಸ್ತೆ ಪೂರ್ತಿ ಜಾರು, ಬಿಟ್ಟರೆ ಪೂರ್ತಿ ಒಣ. ಜಿಟಿ7ರಲ್ಲಿ ಮೊದಲು ಮೋಡ ಕಾಣುತ್ತದೆ. ಪರದೆಯ ಮೂಲೆಯ ಚಿಕ್ಕ ರಾಡಾರಿನಲ್ಲಿ ಮೋಡ ಸರಿಯುವುದು ಕಾಣುತ್ತದೆ. ಟ್ರ್ಯಾಕಿನ ಒಂದು ತುದಿಯಲ್ಲಿ ಹನಿ ಬಿದ್ದಾಗ ಇನ್ನೊಂದು ತುದಿ ಒಣಗಿಯೇ ಇರಬಹುದು. ಮಳೆ ನಿಂತ ಮೇಲೆ ಕಾರುಗಳು ಓಡಾಡುವ ಗೆರೆ ಮೊದಲು ಒಣಗುತ್ತದೆ, ಅಂಚಿನಲ್ಲಿ ನೀರು ಹಾಗೇ ಇರುತ್ತದೆ. ಆ ಹೊತ್ತಿಗೆ ಯಾರನ್ನಾದರೂ ಹಿಂದೆ ಹಾಕಬೇಕಾದರೆ ನೀವೇ ಒದ್ದೆ ಭಾಗಕ್ಕೆ ಇಳಿಯಬೇಕು. ಪಿಟ್‌ಗೆ ಹೋಗಿ ಟೈರು ಬದಲಿಸುವುದೋ, ಇನ್ನೊಂದು ಸುತ್ತು ತಡೆಯುವುದೋ? ಆ ತಳಮಳದ ಮುಂದೆ ಬೇರೆ ಎಲ್ಲ ಸಪ್ಪೆ.

ಎರಡನೆಯದು ತೂಕ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಅದೇ ಹೊತ್ತಿಗೆ ಸ್ಟೀರಿಂಗ್ ತಿರುಗಿಸಿದರೆ ಹಿಂಭಾಗ ನಿಮಗಿಂತ ಮುಂಚೆ ಮನೆಗೆ ಹೊರಡುತ್ತದೆ. ಎಂಜಿನ್ ಹಿಂದಿರುವ ಹಳೆಯ ಪೋರ್ಷೆ 911ರಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರದಂತೆ ತಡೆಯುವ ಸಹಾಯ) ತೆಗೆದು ಒಮ್ಮೆ ನೋಡಿ. ಹತ್ತು ಸಲ ತಿರುಗಿ ಬಿದ್ದ ಮೇಲೆ, ತಿರುವಿನ ಮಧ್ಯೆ ಆಕ್ಸಿಲರೇಟರ್ ಥಟ್ಟನೆ ಬಿಡಬಾರದು ಅಂತ ಕಾಲು ತಾನೇ ಕಲಿಯುತ್ತದೆ, ತಲೆಗೆ ಗೊತ್ತಾಗುವ ಮೊದಲೇ.

ಮೂರನೆಯದು ಪಿಎಸ್5ರ ಡ್ಯುಯಲ್‌ಸೆನ್ಸ್ ಕಂಟ್ರೋಲರ್. ಬ್ರೇಕ್ ಟ್ರಿಗರ್ ಬಿಗಿಯಾಗುತ್ತದೆ, ಎಬಿಎಸ್ ಕೆಲಸ ಮಾಡುವಾಗ ಬೆರಳ ಕೆಳಗೆ ನಡುಗುತ್ತದೆ, ಅಂಚಿನ ಕರ್ಬ್ ಹತ್ತಿದ್ದು ಎಡಗೈಗೋ ಬಲಗೈಗೋ ತಿಳಿಯುತ್ತದೆ. ಗಿಮಿಕ್ ಅಂದುಕೊಂಡಿದ್ದೆ. ನೂರ್‌ಬರ್ಗ್‌ರಿಂಗ್‌ನ 20.8 ಕಿಲೋಮೀಟರ್ ಉತ್ತರ ವರ್ತುಲವನ್ನು ರಾತ್ರಿ ಹೊತ್ತು, ಹೆಡ್‌ಲೈಟ್ ಬೆಳಕಲ್ಲಿ ಸುತ್ತಿದ ಮೇಲೆ ಆ ಮಾತು ವಾಪಸ್ ತೆಗೆದುಕೊಂಡೆ.

ಕೆಫೆ ಅಂತ ಏನೋ ಇದೆಯಂತೆ. ರೇಸಿಂಗ್ ಗೇಮಲ್ಲಿ ಅದೇನು ಕೆಲಸ?

ಕಥಾಭಾಗ ನಡೆಯುವುದೇ ಅಲ್ಲಿ. ಲೂಕಾ ಅನ್ನುವ ಕೆಫೆ ಮಾಲೀಕ ನಿಮಗೊಂದು "ಮೆನು ಪುಸ್ತಕ" ಕೊಡುತ್ತಾನೆ. "ಈ ಮೂರು ಕಾರು ಸಂಪಾದಿಸಿಕೊಂಡು ಬಾ" ಅನ್ನುತ್ತಾನೆ. ಓಟಗಳಲ್ಲಿ ಮೊದಲ ಮೂರು ಸ್ಥಾನದೊಳಗೆ ಬಂದು ಅವನ್ನು ಗೆದ್ದು ತಂದರೆ, ಆ ಕಾರುಗಳ ಹಿನ್ನೆಲೆ ಹೇಳಿ ಮುಂದಿನ ಪುಸ್ತಕ ಕೊಡುತ್ತಾನೆ. ಬಿಡುಗಡೆಯ ಹೊತ್ತಿಗೆ ಇಂಥ 39 ಪುಸ್ತಕ ಇದ್ದವು.

ಕಾರಿನ ಗಂಧಗಾಳಿ ಇಲ್ಲದವರಿಗೆ ಇದು ಸೊಗಸಾದ ಪಾಠಶಾಲೆ. ಹಳೆಯ ಕೈಗಳಿಗೆ ಮಾತ್ರ ಕೈ ಹಿಡಿದು ನಡೆಸಿದ ಹಾಗೆ ಆಗುತ್ತದೆ. ಮೊದಲ ಜಿಟಿಯಲ್ಲಿ ಯಾವ ಕಾರು ಕೊಳ್ಳಬೇಕು ಅಂತ ಯಾರೂ ಹೇಳುತ್ತಿರಲಿಲ್ಲ, ತಪ್ಪು ಕಾರು ಕೊಂಡು ಒದ್ದಾಡುವುದೇ ಒಂದು ಕಥೆ ಆಗುತ್ತಿತ್ತು. ಇಲ್ಲಿ ತಪ್ಪಾಗುವ ಸಂಭವವೇ ಇಲ್ಲ. ಬಹುಮಾನವಾಗಿ ಬಂದ ಕಾರುಗಳಲ್ಲಿ ಎಷ್ಟನ್ನು ಒಮ್ಮೆಯೂ ಓಡಿಸಿಲ್ಲ ಅಂತ ಗ್ಯಾರೇಜಲ್ಲಿ ಎಣಿಸಿ ನೋಡಿ, ನಾಚಿಕೆ ಆಗುತ್ತದೆ.

ಓಟಗಳು ಬೇಸರ ಅಂತ ಎಲ್ಲರೂ ಹೇಳುವುದು ಯಾಕೆ?

ಮೊಲದ ಬೆನ್ನಟ್ಟುವ ಆಟ ಆಗಿರುವುದರಿಂದ. ಬಹುತೇಕ ಓಟಗಳು ನಿಂತಲ್ಲಿಂದ ಒಟ್ಟಿಗೆ ಹೊರಡುವುದಿಲ್ಲ. ಕಾರುಗಳು ಸಾಲಾಗಿ ಚಲಿಸುತ್ತಿರುವಾಗಲೇ ಶುರು, ನೀವು ಸಾಲಿನ ಕಟ್ಟಕಡೆ. ಮೊದಲನೆಯವನು ನಿಮಗಿಂತ ಮೂವತ್ತು ಸೆಕೆಂಡೋ ಇನ್ನೂ ಹೆಚ್ಚೋ ಮುಂದೆ. ಇರುವ ಎರಡು ಮೂರು ಸುತ್ತಿನಲ್ಲಿ ಒಬ್ಬೊಬ್ಬರನ್ನೇ ದಾಟಿ, ಕೊನೆಯ ತಿರುವಿನ ಹೊತ್ತಿಗೆ ಆ ಮೊಲವನ್ನು ಹಿಡಿಯಬೇಕು.

ದಾಟುವುದೂ ಜಗಳವಲ್ಲ. ಎದುರಾಳಿಗಳು ತಿರುವಿಗೆ ಬಹಳ ಮುಂಚೆ ಬ್ರೇಕ್ ಹಾಕುತ್ತಾರೆ, ತಮ್ಮ ಗೆರೆ ಬಿಟ್ಟು ಅಲ್ಲಾಡುವುದಿಲ್ಲ, ದಾಟಿದವರನ್ನು ಮತ್ತೆ ದಾಟಲು ಪ್ರಯತ್ನಿಸುವುದೂ ಅಪರೂಪ. ಇಡೀ ಓಟದಲ್ಲಿ ನಿಮಗೂ ಇನ್ನೊಬ್ಬನಿಗೂ ಎರಡು ಸುತ್ತು ಪಕ್ಕಪಕ್ಕದಲ್ಲೇ ಪೈಪೋಟಿ ನಡೆಯಿತು ಅನ್ನುವುದು ಬಲು ಕಡಿಮೆ. ನಡೆದರೆ ಅದು ನೀವು ಬೇಕೆಂದೇ ದುರ್ಬಲ ಕಾರು ತಂದಿದ್ದಕ್ಕೆ. ಅಂದ ಹಾಗೆ, ನನಗೆ ಸಿಕ್ಕ ಮದ್ದು ಅದೇ: ಓಟಕ್ಕೆ ಶಿಫಾರಸು ಮಾಡಿದ ಪಿಪಿ ಅಂಕಕ್ಕಿಂತ (ಕಾರಿನ ಸಾಮರ್ಥ್ಯದ ಅಳತೆ ಅದು) ಐವತ್ತು ಕಡಿಮೆ ಇರುವ ಕಾರು, ರೇಸಿಂಗ್ ಟೈರಿನ ಬದಲು ಹಿಡಿತ ಕಡಿಮೆ ಇರುವ ಸ್ಪೋರ್ಟ್ಸ್ ಹಾರ್ಡ್ ಟೈರು. ಆಗ ಕೊನೆಯ ಸುತ್ತು ಬೆವರಿಳಿಸುತ್ತದೆ.

ಭೌತಶಾಸ್ತ್ರಕ್ಕೆ ಇಷ್ಟು ಬೆವರು ಹರಿಸಿದ ತಂಡ ಓಟದ ಸ್ವರೂಪವನ್ನು ಹೀಗೆ ಬಿಟ್ಟದ್ದು ನನಗೆ ಇವತ್ತಿಗೂ ಒಗಟು.

ಸೋಫಿ ಬಂದ ಮೇಲೆ ಇದು ಸರಿಹೋಯಿತಲ್ಲ?

ಅರ್ಧ. ಗ್ರ್ಯಾನ್ ಟುರಿಸ್ಮೊ ಸೋಫಿ ಅನ್ನುವುದು ಸೋನಿ ಎಐ ಮತ್ತು ಜಿಟಿ ಮಾಡುವ ಯಮೌಚಿಯ ಕಂಪನಿ ಪಾಲಿಫೊನಿ ಡಿಜಿಟಲ್ ಸೇರಿ ಬೆಳೆಸಿದ ಕಂಪ್ಯೂಟರ್ ಚಾಲಕ. ಯಾರೂ ಅದಕ್ಕೆ ನಿಯಮ ಬರೆದು ಕೊಟ್ಟಿಲ್ಲ. ಲೆಕ್ಕವಿಲ್ಲದಷ್ಟು ಸುತ್ತು ತಾನೇ ಓಡಿ, ಒಳ್ಳೆಯದಕ್ಕೆ ಅಂಕ, ಡಿಕ್ಕಿಗೆ ದಂಡ ಅನ್ನುವ ರೀತಿಯಲ್ಲಿ ಕಲಿತದ್ದು. 2021ರ ಜುಲೈಯಲ್ಲಿ ಜಿಟಿ ಸ್ಪೋರ್ಟ್‌ನ ಅತ್ಯುತ್ತಮ ಆಟಗಾರರ ಎದುರು ಇಳಿಸಿದಾಗ ಒಂಟಿ ಸುತ್ತಿನ ವೇಗದಲ್ಲಿ ಗೆದ್ದಿತು, ಒಟ್ಟಿಗೆ ಓಡುವಾಗ ತಂಡವಾಗಿ ಸೋತಿತು. ಅಕ್ಟೋಬರಿನ ಮರುಪಂದ್ಯದಲ್ಲಿ ಅದನ್ನೂ ಗೆದ್ದಿತು. 2022ರ ಫೆಬ್ರವರಿಯಲ್ಲಿ ನೇಚರ್ ಪತ್ರಿಕೆಯ ಮುಖಪುಟಕ್ಕೂ ಬಂತು.

ಜಿಟಿ7ಕ್ಕೆ ಅದು 2023ರಲ್ಲಿ ಬಂತು: ಮೊದಲು ಕೆಲವು ವಾರದ ಪ್ರಯೋಗವಾಗಿ, ನವೆಂಬರಿನ ಸ್ಪೆಕ್ 2 ಅಪ್‌ಡೇಟ್ ಜೊತೆ ಪಿಎಸ್5ರಲ್ಲಿ ಕಾಯಂ ಆಗಿ. ಅದರ ಜೊತೆ ಒಂದು ಓಟ ಆಡಿದರೆ ಸಾಕು, ವ್ಯತ್ಯಾಸ ಗೊತ್ತಾಗುತ್ತದೆ. ಒಳಗಿನ ಗೆರೆ ಮುಚ್ಚುತ್ತದೆ, ನಿಮ್ಮ ಗಾಳಿಯ ನೆರಳಲ್ಲಿ ಕೂತು ನೇರ ರಸ್ತೆಯಲ್ಲಿ ಹೊರಬರುತ್ತದೆ, ನೀವು ತಪ್ಪು ಮಾಡುವವರೆಗೆ ಕಾಯುತ್ತದೆ. ಆದರೆ ಅದು ಸಿಗುವುದು ಬಹುಮಟ್ಟಿಗೆ ಆಯ್ದ ಟ್ರ್ಯಾಕುಗಳಲ್ಲಿ, ನೀವೇ ಜೋಡಿಸಿಕೊಂಡ ಓಟದಲ್ಲಿ. ಲೂಕಾನ ಪುಸ್ತಕಗಳಲ್ಲಿ ಹಳೆಯ ಮೊಲಗಳೇ. ಮನೆಯಲ್ಲಿ ಒಳ್ಳೆಯ ಅಡುಗೆಯವರನ್ನು ಇಟ್ಟುಕೊಂಡು ನಿನ್ನೆಯ ತಂಗಳು ಬಡಿಸಿದ ಹಾಗೆ.

ಕ್ರೆಡಿಟ್ (ಗೇಮಿನೊಳಗಿನ ದುಡ್ಡು) ಸಾಲುವುದೇ ಇಲ್ಲ ಅಂತಾರೆ. ನಿಜವಾದ ದುಡ್ಡು ಹಾಕಲೇಬೇಕಾ?

ಹಾಕಬೇಕಿಲ್ಲ. ಹಾಕಬೇಕು ಅನ್ನಿಸುವಂತೆ ಕಟ್ಟಿದ್ದಾರೆ ಅನ್ನುವುದೂ ಸುಳ್ಳಲ್ಲ.

ಏನಾಯಿತು ಅಂದರೆ, 2022ರ ಮಾರ್ಚ್ 17ರಂದು, ಬಿಡುಗಡೆಯಾಗಿ ಎರಡು ವಾರವೂ ಆಗಿರಲಿಲ್ಲ, 1.07 ಅಪ್‌ಡೇಟ್ ಬಂತು. ಜನ ಕ್ರೆಡಿಟ್ ಗಳಿಸಲು ಪದೇ ಪದೇ ಆಡುತ್ತಿದ್ದ ಓಟಗಳ ಬಹುಮಾನವನ್ನು ಅದು ಇಳಿಸಿತು. ಅದೇ ಹೊತ್ತಿಗೆ ಅಪ್‌ಡೇಟ್‌ನ ದೋಷದಿಂದ ಸರ್ವರ್ ನಿಲ್ಲಿಸಿ 30 ಗಂಟೆಗೂ ಮೇಲೆ ಆಟ ಬಂದ್. ಗಾಯದ ಮೇಲೆ ಬರೆ. ಆಮೇಲೆ ಯಮೌಚಿ ಬರೆದ ವಿವರಣೆಯಲ್ಲಿ ಕಾರುಗಳ ಬೆಲೆ ಅವುಗಳ ನಿಜವಾದ ಮೌಲ್ಯವನ್ನೂ ಅಪರೂಪತೆಯನ್ನೂ ಹೇಳಬೇಕು ಅನ್ನುವ ಅರ್ಥದ ಮಾತಿತ್ತು. ಮಾತು ಸರಿಯಾಗಿಯೇ ಇದೆ. ಪಕ್ಕದಲ್ಲೇ ಕ್ರೆಡಿಟ್ ಮಾರುವ ಅಂಗಡಿ ಇಲ್ಲದಿದ್ದರೆ ನಾನೂ ತಲೆದೂಗುತ್ತಿದ್ದೆ.

ಸಿಟ್ಟು ಎಷ್ಟಿತ್ತೆಂದರೆ ತಂಡ ಹಿಂದೆ ಸರಿಯಿತು. ಆಟಗಾರರಿಗೆ 10 ಲಕ್ಷ ಕ್ರೆಡಿಟ್ ಕೊಟ್ಟರು. ಏಪ್ರಿಲ್ ಆರಂಭದ 1.11 ಅಪ್‌ಡೇಟ್‌ನಲ್ಲಿ ಬಹುಮಾನ ಏರಿಸಿದರು, ದುಡ್ಡು ಕೊಡದೆ ಕೂಡಿಡಬಹುದಾದ ಮಿತಿಯನ್ನು 2 ಕೋಟಿಯಿಂದ 10 ಕೋಟಿಗೆ ಒಯ್ದರು. ಬೇಡದ ಕಾರು ಮಾರುವ ಸೌಲಭ್ಯವೂ ತಡವಾಗಿ ಬಂತು. ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ಶುರುವಾಗುವ ಗೇಮಿನಲ್ಲಿ ಮಾರಾಟವೇ ಇಲ್ಲದ್ದು ದೊಡ್ಡ ತಮಾಷೆ.

ಈಗಿನ ಲೆಕ್ಕ ಹೀಗೆ. ಲೆ ಮಾನ್ಸ್‌ನ 30 ನಿಮಿಷದ ಓಟವನ್ನು ಯಾರಿಗೂ ತಾಗದೆ ಗೆದ್ದರೆ 8,25,000 ಕ್ರೆಡಿಟ್. ಅತಿ ದುಬಾರಿ ಲೆಜೆಂಡ್ ಕಾರುಗಳ (ಇತಿಹಾಸದ ಅಪರೂಪದ ಕಾರುಗಳ) ಬೆಲೆ 2 ಕೋಟಿಯವರೆಗೆ. ಅಂದರೆ ಒಂದು ಕಾರಿಗೆ ಇಪ್ಪತ್ತೈದು ಓಟ, ಹನ್ನೆರಡೂವರೆ ಗಂಟೆ, ಅದೂ ಅದೇ ಟ್ರ್ಯಾಕ್. ಇದರ ಮೇಲೆ ಲೆಜೆಂಡ್ ಅಂಗಡಿಯಲ್ಲಿ ಒಂದು ಹೊತ್ತಿಗೆ ಕೆಲವೇ ಕಾರು ಇರುತ್ತವೆ, "ಬೇಗ ಮುಗಿಯಲಿದೆ" ಅನ್ನುವ ಚೀಟಿ ಅಂಟಿಸಿಕೊಂಡು. ಆ ಚೀಟಿಗೆ ಹೆದರಬೇಡಿ. ಇವತ್ತು ಹೋದ ಕಾರು ಕೆಲವು ವಾರಗಳ ಮೇಲೆ ಮತ್ತೆ ಬಂದೇ ಬರುತ್ತದೆ. ಕಥಾಭಾಗ ಮುಗಿಸಲು ಅಂಥ ಒಂದು ಕಾರೂ ಬೇಕಿಲ್ಲ.

ರೂಲೆಟ್ ಟಿಕೆಟ್ ಬಗ್ಗೆ ಕೇಳಬೇಡಿ. ಚಕ್ರ ತಿರುಗುತ್ತದೆ, ಐದರಲ್ಲಿ ಅತಿ ಚಿಕ್ಕ ಬಹುಮಾನದ ಮೇಲೆ ನಿಲ್ಲುತ್ತದೆ, ನಾವು ಮತ್ತೆ ಓಡಲು ಹೋಗುತ್ತೇವೆ.

ವಿಮರ್ಶಕರು ಹೊಗಳಿದರು, ಆಟಗಾರರು ಉಗಿದರು. ಯಾರನ್ನು ನಂಬಲಿ?

ಇಬ್ಬರನ್ನೂ, ತಾರೀಖು ನೋಡಿಕೊಂಡು. ವಿಮರ್ಶಕರು ಬಿಡುಗಡೆಗೆ ಮುಂಚೆ ಆಡಿದಾಗ ಕ್ರೆಡಿಟ್ ಅಂಗಡಿ ತೆರೆದೇ ಇರಲಿಲ್ಲ, ಬಹುಮಾನ ಕಡಿತವೂ ಆಗಿರಲಿಲ್ಲ. ಅವರು ನೋಡಿದ್ದು ಓಡಿಸುವ ಆಟವನ್ನು, ಅದನ್ನು ಹೊಗಳಿದ್ದು ನ್ಯಾಯವೇ. ವಿಮರ್ಶೆಗಳ ಅಂಕ ಕಲೆಹಾಕುವ ಮೆಟಾಕ್ರಿಟಿಕ್ ತಾಣದಲ್ಲಿ ಬಳಕೆದಾರರ ಅಂಕ ಪಾತಾಳಕ್ಕೆ ಇಳಿದದ್ದು ಮಾರ್ಚ್ 17ರ ಆಸುಪಾಸಿನಲ್ಲಿ, ಆಟವೇ ತೆರೆಯದಿದ್ದ ಆ 30 ಗಂಟೆಯ ಕೋಪದಲ್ಲಿ. ಅದೂ ನ್ಯಾಯವೇ. ಇವತ್ತು ಕೊಳ್ಳುವವರ ಕೈಗೆ ಬರುವುದು ಈ ಎರಡೂ ಅಲ್ಲದ ಮೂರನೆಯ ಆಟ. ಸರ್ವರ್ ನಂಬಿ ನಡೆಯುವ ಗೇಮಿಗೆ ಬಿಡುಗಡೆಯ ದಿನದ ಅಂಕ ಅನ್ನುವುದು ನಾಮಕರಣದ ದಿನ ಬರೆದ ಜಾತಕದಷ್ಟೇ.

ಇಂಟರ್ನೆಟ್ ಇಲ್ಲದೆ ಆಡಬಹುದೇ?

ಹೆಸರಿಗೆ. ಆರ್ಕೇಡ್ ಥರದ ಕೆಲವು ಓಟ ಮತ್ತು ಹಾಡಿನ ಜೊತೆ ಓಡುವ ಮ್ಯೂಸಿಕ್ ರ‍್ಯಾಲಿ ಬಿಟ್ಟರೆ ಉಳಿದದ್ದೆಲ್ಲ ನೆಟ್ ಕೇಳುತ್ತದೆ. ಕೆಫೆ, ಗ್ಯಾರೇಜ್, ನಿಮ್ಮದೇ ಕಾರು, ಎಲ್ಲ. ಸೇವ್ ಫೈಲನ್ನು ಯಾರೂ ತಿದ್ದಬಾರದು ಅಂತ ಈ ವ್ಯವಸ್ಥೆ ಅನ್ನುತ್ತಾರೆ.

ನನ್ನ ಹೆದರಿಕೆ ಇರುವುದು ಮುಂದಿನದ್ದರ ಬಗ್ಗೆ. ಜಿಟಿ ಸ್ಪೋರ್ಟ್‌ನ ಆನ್‌ಲೈನ್ ಸೇವೆ 2024ರ ಜನವರಿ 31ರಂದು ಮುಚ್ಚಿತು. ಅದರ ಒಂಟಿ ಆಟದ ಭಾಗ ನೆಟ್ ಇಲ್ಲದೆಯೂ ನಡೆಯುವಂತೆ ಮಾಡಿಟ್ಟು ಹೋದರು, ಒಳ್ಳೆಯ ಕೆಲಸ. ಜಿಟಿ7ಕ್ಕೂ ಒಂದು ದಿನ ಹಾಗೇ ಮಾಡುತ್ತಾರೆ ಅನ್ನುವ ನಂಬಿಕೆಯ ಮೇಲೆ ನನ್ನ ಗ್ಯಾರೇಜ್ ನಿಂತಿದೆ.

ಪಿಎಸ್4 ಸಾಕಾ?

ಸಾಕು, ಕಾಯುವ ತಾಳ್ಮೆ ಇದ್ದರೆ. ಕಾರು, ಟ್ರ್ಯಾಕ್, ಕೆಫೆ ಎಲ್ಲ ಅದರಲ್ಲೂ ಇವೆ. ಲೋಡಿಂಗ್ ನಿಧಾನ, ಸೋಫಿ ಇಲ್ಲ, ನಾಲ್ವರು ಒಂದೇ ಪರದೆಯಲ್ಲಿ ಆಡುವ ಸೌಲಭ್ಯವೂ ಪಿಎಸ್5ಕ್ಕೇ. ರೇ ಟ್ರೇಸಿಂಗ್ (ಬೆಳಕು, ಪ್ರತಿಬಿಂಬವನ್ನು ನಿಜದಂತೆ ತೋರಿಸುವುದು) ಆಸೆಗೆ ಮಾತ್ರ ಪಿಎಸ್5 ಕೊಳ್ಳಬೇಡಿ. ಮಾಮೂಲು ಪಿಎಸ್5ರಲ್ಲಿ ಅದು ರೀಪ್ಲೇ, ಗ್ಯಾರೇಜ್, ಫೋಟೊಗಳಿಗೆ ಅಷ್ಟೆ, ಓಡಿಸುವಾಗ ಇಲ್ಲ.

ಸ್ಟೀರಿಂಗ್ ವೀಲ್ ಬೇಕೇ ಬೇಕಾ? ವಿಆರ್?

ವೀಲ್ ಬೇಕಿಲ್ಲ. ಕಂಟ್ರೋಲರ್‌ನಲ್ಲೇ ಆಡಿ ದೊಡ್ಡ ಸ್ಪರ್ಧೆಗಳ ಹತ್ತಿರ ಹೋದವರಿದ್ದಾರೆ. ಇನ್ನು ವಿಆರ್ ಮಾತು ಬೇರೆ. 2023ರ ಫೆಬ್ರವರಿಯಲ್ಲಿ ಪಿಎಸ್ ವಿಆರ್2 (ಪಿಎಸ್5ರ ಜೊತೆ ತಲೆಗೆ ಹಾಕಿಕೊಳ್ಳುವ ಕನ್ನಡಕ) ಜೊತೆಗೇ ಅದರ ಬೆಂಬಲ ಬಂತು, ಉಚಿತವಾಗಿ, ಒಂದೇ ಪರದೆ ಹಂಚಿಕೊಂಡು ಆಡುವುದನ್ನು ಬಿಟ್ಟು ಉಳಿದ ಎಲ್ಲ ಓಟಕ್ಕೂ. ತಿರುವಿಗೆ ಮುಂಚೆ ತಲೆ ತಿರುಗಿಸಿ ತಿರುವಿನ ಕೊನೆ ನೋಡಬಹುದು. ಮಾಮೂಲು ಪರದೆಯಲ್ಲಿ ಸಮತಟ್ಟಾಗಿ ಕಾಣುತ್ತಿದ್ದ ರಸ್ತೆ ಎಷ್ಟು ಏರಿಳಿತದ್ದು ಅಂತ ಆಗ ತಿಳಿಯುತ್ತದೆ. ಮೊದಲ ದಿನ ಹತ್ತು ನಿಮಿಷಕ್ಕೆ ನಿಲ್ಲಿಸಿ, ಹೊಟ್ಟೆ ತೊಳೆಸುತ್ತದೆ.

ಲೈಸೆನ್ಸ್ ಪರೀಕ್ಷೆಗಳಲ್ಲಿ ಚಿನ್ನವೇ ತೆಗೆಯಬೇಕಾ?

ಮುಂದೆ ಹೋಗಲು ಕಂಚು ಸಾಕು. ಆದರೂ ಚಿನ್ನಕ್ಕೆ ಒಮ್ಮೆ ಹಟ ಹಿಡಿಯಿರಿ. ಐದು ಲೈಸೆನ್ಸ್, ಒಂದೊಂದಕ್ಕೆ ಹತ್ತು ಪರೀಕ್ಷೆ. ಹೆಚ್ಚಿನವು ಅರ್ಧ ನಿಮಿಷದ್ದು, ಒಂದೇ ತಿರುವಿನದ್ದು. ಬೆಳ್ಳಿಗೂ ಚಿನ್ನಕ್ಕೂ ನಡುವಿನ ಆ ಎರಡು ಹತ್ತಾಂಶ ಸೆಕೆಂಡು ಎಲ್ಲಿ ಕಳೆದುಹೋಗುತ್ತಿದೆ ಅಂತ ಹುಡುಕುವುದರಲ್ಲೇ ಇಡೀ ಗೇಮಿನ ಸಾರವಿದೆ. ನನ್ನ ಅನುಭವದಲ್ಲಿ ಉತ್ತರ ಹತ್ತಕ್ಕೆ ಒಂಬತ್ತು ಸಲ ಒಂದೇ: ತಿರುವಿಗೆ ಅತಿ ವೇಗವಾಗಿ ಹೋಗುತ್ತಿದ್ದೀರಿ.

ಇಲ್ಲಿ ಕಲಿತದ್ದು ನಿಜವಾದ ಕಾರಿಗೆ ನಾಟುವುದಿಲ್ಲ ಅನ್ನುವವರಿಗೆ ಲೂಕಾಸ್ ಒರ್ಡೊನ್ಯೆಸ್ ಹೆಸರು ಹೇಳಿ. ನಿಸ್ಸಾನ್ ಮತ್ತು ಸೋನಿ 2008ರಲ್ಲಿ ಶುರು ಮಾಡಿದ ಜಿಟಿ ಅಕಾಡೆಮಿಯ ಮೊದಲ ವಿಜೇತ ಈತ. ಜಿಟಿ ಆಡಿಯೇ ಆಯ್ಕೆಯಾದವನು 2011ರ ಲೆ ಮಾನ್ಸ್ 24 ಗಂಟೆಯ ಓಟದಲ್ಲಿ ತನ್ನ ತಂಡದ ಜೊತೆ ಎಲ್ಎಂಪಿ2 ವರ್ಗದಲ್ಲಿ ಎರಡನೆಯ ಸ್ಥಾನಕ್ಕೆ ಬಂದ.

ಆನ್‌ಲೈನಲ್ಲಿ ಎಲ್ಲರೂ ಬಂದು ಗುದ್ದುತ್ತಾರೆ. ಏನು ಮಾಡಲಿ?

ಸ್ಪೋರ್ಟ್ ಮೋಡ್‌ನಲ್ಲಿ ನಿಮಗೆ ಎರಡು ಅಂಕ. ಡಿಆರ್ ಅಂದರೆ ಎಷ್ಟು ವೇಗ, ಎಸ್ಆರ್ ಅಂದರೆ ಎಷ್ಟು ಮರ್ಯಾದೆ. ಗುದ್ದುವವರು ಸಿಗುವುದು ಎಸ್ಆರ್ ಕಡಿಮೆ ಇರುವ ಕೊಠಡಿಗಳಲ್ಲಿ. ಹೊಸಬರು ಮೊದಲ ಹತ್ತು ಓಟ ಗೆಲ್ಲುವ ಯೋಚನೆ ಬಿಟ್ಟು ಕೊನೆಯ ಸ್ಥಾನದಲ್ಲಿ ಯಾರಿಗೂ ತಾಗದೆ ಓಡಿ. ಎಸ್ಆರ್ ಬೇಗ ಏರುತ್ತದೆ, ಜೊತೆಗಾರರು ಬದಲಾಗುತ್ತಾರೆ. ಓಟ ಅನ್ನುವುದು ಈ ಗೇಮಿನಲ್ಲಿ ನಿಜವಾಗಿ ಇರುವುದು ಇಲ್ಲೇ. ಕೆಫೆಯಲ್ಲಿ ನಲವತ್ತು ಗಂಟೆ ಕಳೆದು "ಇದರಲ್ಲಿ ಪೈಪೋಟಿ ಇಲ್ಲ" ಅಂತ ಎದ್ದು ಹೋದವರಲ್ಲಿ ಅನೇಕರು ಈ ಬಾಗಿಲು ತಳ್ಳಿಯೇ ನೋಡಿರುವುದಿಲ್ಲ.

ಕಾರು ಆಕಾಶಕ್ಕೆ ಹಾರುವ ವಿಡಿಯೊ ನೋಡಿದೆ. ಎಡಿಟ್ ಮಾಡಿದ್ದಾ?

ಅಲ್ಲ, ನಿಜ. 2024ರ ಜುಲೈಯಲ್ಲಿ ಬಂದ 1.49 ಅಪ್‌ಡೇಟ್ ಸಸ್ಪೆನ್ಷನ್ ಲೆಕ್ಕಾಚಾರ ಬದಲಿಸಿದಾಗ ಕೆಲವು ಕಾರುಗಳು ಕಪ್ಪೆಯ ಹಾಗೆ ನೆಗೆಯತೊಡಗಿದವು. ಬೇಗನೆ ಸರಿಪಡಿಸಿದರು. ಸ್ವಲ್ಪ ದಿನ ಬಿಟ್ಟಿದ್ದರೆ ಚೆನ್ನಾಗಿತ್ತು.

ಫೋರ್ಜಾ ಒಳ್ಳೆಯದಾ, ಇದು ಒಳ್ಳೆಯದಾ?

ಮೈಕ್ರೋಸಾಫ್ಟ್‌ನ ಕಾರ್ ಗೇಮ್ ಸರಣಿ ಅದು, ಯಾವ ಫೋರ್ಜಾ ಅನ್ನುವುದರ ಮೇಲೆ. ಹರೈಜನ್ 5 ಹಬ್ಬ, ಗದ್ದೆಗೂ ಕಾರು ನುಗ್ಗಿಸಬಹುದು, ಈಗ ಪಿಎಸ್5ರಲ್ಲೂ ಸಿಗುತ್ತದೆ. ಅದಕ್ಕೂ ಇದಕ್ಕೂ ಜಗಳವೇ ಇಲ್ಲ. ನಿಜವಾದ ಎದುರಾಳಿ 2023ರ ಅಕ್ಟೋಬರಿನ ಫೋರ್ಜಾ ಮೋಟರ್‌ಸ್ಪೋರ್ಟ್. ಓಟಕ್ಕೆ ಮುಂಚೆ ಅಭ್ಯಾಸದ ಸುತ್ತು, ಆಮೇಲೆ ನಿಂತಲ್ಲಿಂದ ಎಲ್ಲರೂ ಒಟ್ಟಿಗೆ ಹೊರಡುವ ಶಿಸ್ತು ಅದರಲ್ಲಿದೆ, ಅಷ್ಟರ ಮಟ್ಟಿಗೆ ಅದೇ ಮೇಲು. ಆದರೆ ಕಾರಿನ ಮೇಲೆ ಮೋಹ ಹುಟ್ಟಿಸುವುದು ಅದಕ್ಕೆ ಬರುವುದಿಲ್ಲ.

ಶುರುವಿನಲ್ಲಿ ಡೆಮಿಯೊ, ಆಕ್ವಾ, ಫಿಟ್ ಅನ್ನುವ ಮೂರು ಚಿಕ್ಕ ಕಾರುಗಳಲ್ಲಿ ಒಂದು ಕೊಳ್ಳು ಅನ್ನುತ್ತದೆ. ಯಾವುದು?

ಬಣ್ಣ ಇಷ್ಟವಾದದ್ದು. ಉಳಿದೆರಡನ್ನು ಲೂಕಾನ ಮೊದಲ ಪುಸ್ತಕದಲ್ಲೇ ಗೆಲ್ಲುತ್ತೀರಿ. ನಾನು ಡೆಮಿಯೊ ಆರಿಸಿದೆ, ಎಣ್ಣೆ ಬದಲಿಸುತ್ತ ಇನ್ನೂ ಇಟ್ಟುಕೊಂಡಿದ್ದೇನೆ.